ಸೋದರಮಾವನ ಕಿವಿ

ಕೊರೊನಾ ಮುಗಿಯಿತೆಂದು ಊರಿನವರೆಲ್ಲ ಮಾಸ್ಕ್ ಬಿಸಾಡಿದ ವರ್ಷದ ಮಳೆಗಾಲದಲ್ಲಿ ಇದು ಶುರುವಾಯಿತು. ನಾನು ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾಗಿ ಹೆತ್ತೂರಿನ ಹತ್ತಿರ ನಮ್ಮ ಸಣ್ಣ ಕಾಫಿ ತೋಟ ನೋಡಿಕೊಂಡಿದ್ದೆ. ನಸುಕಿನಲ್ಲೇ ಏಳುವುದು, ಗಡ್ಡ ತೆಗೆಯುವುದು, ಬೂಟು ಕಟ್ಟುವುದು, ಬೆಳಕು ಹರಿಯುವ ಹೊತ್ತಿಗೆ ತೋಟದಲ್ಲಿರುವುದು. ಕೆಲಸ ಬಿಟ್ಟರೂ ಕೆಲಸದ ಕ್ರಮ ನನ್ನನ್ನು ಬಿಟ್ಟಿರಲಿಲ್ಲ. "ಇನ್ನೂ ಯಾವ ಬಸ್ಸು ಹೊರಡಿಸ್ಬೇಕು ಅಂತ ಈ ಅವಸರ?" ಎಂದು ನನ್ನ ಹೆಂಡತಿ ಸರೋಜ ದಿನವೂ ಕೇಳುವಳು.

ಒಂದು ದಿನ ಕಾಫಿ ಗಿಡದ ರೆಂಬೆ ಸವರಿ ಕಪಾತು ಮಾಡುತ್ತಿದ್ದಾಗ ಬಲಗಿವಿಯ ಮೇಲಂಚಿಗೆ ಇಂಬಳ, ಅಂದರೆ ಜಿಗಣೆ, ಹತ್ತಿತು. ಕಿತ್ತು ಬಿಸಾಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಮೈಮೇಲೆ ಹುಣ್ಣಾದರೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಇಂಬಳ ಕಚ್ಚಿದ ಜಾಗ ವಾರಗಟ್ಟಲೆ ನವೆಯಾಗುತ್ತದೆ, ಕೆರೆದರೆ ಕೀವಾಗುತ್ತದೆ, ಸುಣ್ಣ ಹೊಗೆಸೊಪ್ಪು ಹಚ್ಚಿದರೆ ಒಣಗುತ್ತದೆ. ಆ ಜಾಗದಲ್ಲಿ ಮೊದಲೇ ಒಂದು ಒರಟು ಹಕ್ಕಳೆ ಇತ್ತು, ಗಡ್ಡ ತೆಗೆಯುವಾಗ ಕೈಗೆ ತಾಗುತ್ತಿತ್ತು. ಅದನ್ನೂ ಇಂಬಳದ ಲೆಕ್ಕಕ್ಕೇ ಸೇರಿಸಿದೆವು. ಸರೋಜ ಸುಣ್ಣ ಹಚ್ಚಿದಳು. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ನಶ್ಯ ಹಚ್ಚಲು ಹೇಳಿದ, ಅದನ್ನೂ ಹಚ್ಚಿದೆವು.

ಮಳೆ ನಿಂತಿತು, ದೀಪಾವಳಿ ಕಳೆಯಿತು, ಹಣ್ಣು ಕೊಯ್ಯುವ ಕಾಲ ಬಂತು. ಹುಣ್ಣು ಮಾತ್ರ ಹಾಗೇ ಇತ್ತು. ಕನ್ನಡಕದ ಕಾಲು ತಾಗಿದರೆ ರಕ್ತ ಬರುತ್ತಿತ್ತು.

ಆಲೂರಿನಲ್ಲಿರುವ ನನ್ನ ತಂಗಿ ಲಲಿತ ಆಗ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಕಿವಿ ನೋಡಿದಳು.

"ಇದೇನಣ್ಣ ಇದು?"

"ಇಂಬಳ ಕಚ್ಚಿದ್ದು."

"ಯಾವಾಗ?"

"ಮಳೆಗಾಲದಲ್ಲಿ."

"ನವೆ ಐತಾ?"

"ಇಲ್ಲ."

"ನೋವು?"

"ಅಂಥಾದ್ದೇನಿಲ್ಲ."

"ನವೆ ಇಲ್ಲ, ನೋವಿಲ್ಲ, ಇಂಬಳ ಸತ್ತು ಆರು ತಿಂಗಳಾಗಿರ್ತದೆ, ನಿಂದಿನ್ನೂ ಹಸಿ ಹುಣ್ಣು! ಅತ್ತಿಗೆ, ಇವನಿಗೊಂದು ಶರ್ಟ್ ಕೊಡಿ, ಹಾಸನಕ್ಕೆ ಎಳ್ಕೊಂಡು ಹೋಗ್ತೀನಿ."

ಮರುದಿನವೇ ಕರೆದುಕೊಂಡು ಹೋದಳು. ನನ್ನ ಜೀವ ಉಳಿದಿದ್ದರೆ ಅದು ಅವಳಿಂದ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವವರು ಅದನ್ನು ಮರೆಯಬಾರದು, ನಾನೂ ಮರೆತಿಲ್ಲ.

ಹಾಸನದ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಸಕಲೇಶಪುರದಿಂದ ಬೆಳಿಗ್ಗೆ ಬೆಂಗಳೂರಿಗೆ ಬಸ್ಸು ಓಡಿಸುತ್ತಿದ್ದೆ ಎಂದೆ. ಪೂರ್ವಕ್ಕೆ ಮುಖ ಮಾಡಿದ ಬಸ್ಸು, ಬಲಗಡೆ ಕಿಟಕಿ, ವರ್ಷಾನುಗಟ್ಟಲೆ ಬಿಸಿಲು ಬಿದ್ದದ್ದು ಅದೇ ಕಿವಿಯ ಮೇಲೆ. ಡಾಕ್ಟರು ತಲೆಯಾಡಿಸಿದರು. ಇಂಬಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಕಿವಿಯ ಮೇಲಿನ ಅರ್ಧ ತೆಗೆದುಹಾಕಿದರು. ಹಾಲೆ ಮತ್ತು ಕಿವಿಯ ತೂತು ಉಳಿದವು. ಕೇಳಿಸುವುದಕ್ಕೆ ತೊಂದರೆಯಾಗಲಿಲ್ಲ. ರೋಗ ಪೂರ್ತಿ ಹೋಗಿದೆ, ಆದರೆ ತಪಾಸಣೆಗೆ ಬರುತ್ತಿರಬೇಕು, ಬೇಕಾದರೆ ಮುಂದೆ ಕಿವಿ ಮತ್ತೆ ಕಟ್ಟಿಕೊಡಬಹುದು ಎಂದರು. "ಯಾಕೆ, ಹೆಣ್ಣು ನೋಡೋಕೆ ಹೋಗಬೇಕಾ ನಾನು?" ಎಂದು ನಕ್ಕು ಊರಿಗೆ ಬಂದೆ.

ಬಾಳ್ಳುಪೇಟೆಯ ಹೋಟೆಲಿನಲ್ಲಿ ಹಳೆಯ ಗೆಳೆಯರು ಬಿಡಲಿಲ್ಲ. "ಏನ್ ಡ್ರೈವರಣ್ಣ, ಕಿವಿ ಕಡಿದಿದ್ದು ನಾಯಿನೋ, ಸರೋಜಕ್ಕನೋ?" ಎಂದರು. "ನಿಮ್ಮಕ್ಕ ಕಡಿದಿದ್ರೆ ನಂಜಾಗಿ ಸತ್ತೇ ಹೋಗಿರ್ತಿದ್ದೆ ಮಾರಾಯ" ಎಂದೆ. ನಗುವವರ ಜೊತೆ ನಕ್ಕುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕನ್ನಡಕ ಮಾತ್ರ ಒಂದು ಕಡೆ ಜಾರುತ್ತಿತ್ತು. ಅದಕ್ಕೊಂದು ದಾರ ಕಟ್ಟಿಕೊಂಡೆ. ಅರ್ಧ ಕಿವಿಯಲ್ಲೇ ಉಳಿದ ಕಾಲ ಕಳೆಯಲು ನಾನು ತಯಾರಾಗಿದ್ದೆ.

ಅಷ್ಟರಲ್ಲಿ ಲಲಿತಳ ಮೊಮ್ಮಗಳು ಧೃತಿಗೆ ಕಿವಿ ಚುಚ್ಚಿಸುವ ಮಾತು ಬಂತು.

ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವಾಗ ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಚಿನ್ನದ ರಿಂಗು ತರುವವನೂ ಅವನೇ. ಲಲಿತಳಿಗೆ ಕಾವ್ಯ ಒಬ್ಬಳೇ ಮಗಳು. ಕಾವ್ಯಳ ಕಿವಿ ಚುಚ್ಚಿದ್ದು ನನ್ನ ತೊಡೆಯ ಮೇಲೆ. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲದ ಕಾರಣ ಅವಳ ಮಗಳಿಗೂ ನಾನೇ ಕೂರಬೇಕೆಂದು ಮಗು ಹುಟ್ಟಿದ ದಿನವೇ ಮಾತಾಗಿತ್ತು. ನಮಗೆ ಮಕ್ಕಳಿಲ್ಲ. ಇಂಥ ಒಂದೆರಡು ಜಾಗಗಳಲ್ಲಿ ಮಾತ್ರ ನನಗೆ ಕರೆ ಬರುವುದು.

ಲಲಿತ ಬಂದು ಕೂತಳು. ಕಾಫಿ ಕುಡಿದಳು. ತೋಟದ ವಿಚಾರ ಕೇಳಿದಳು, ಕಾಡುಕೋಣ ಬಂದಿತ್ತಾ ಎಂದು ಕೇಳಿದಳು. ಬೇಕಾದ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ಹೇಳು" ಎಂದೆ.

"ನಮ್ಮ ಬೀಗಿತ್ತಿ ಏನೋ ಅಂದ್ರು ಕಣಣ್ಣ."

"ಏನಂದ್ರು?"

"ಕಿವಿ ಊನ ಆದೋರ ತೊಡೆ ಮೇಲೆ ಕೂರ್ಸಿ ಮಗೂಗೆ ಕಿವಿ ಚುಚ್ಚಿಸ್ತಾರಾ ಅಂತ. ಕಾವ್ಯನ ದೊಡ್ಡಪ್ಪನ ಮಗ ಪ್ರಸನ್ನ ಇದ್ದಾನಲ್ಲ, ಅವನೂ ಸೋದರಮಾವನೇ ಆಗ್ತಾನಲ್ಲ ಅಂತ..."

ಸರೋಜ ಒಳಗಿನಿಂದ, "ಅವರಿಗೆ ಬಾಯಿ ಊನ ಆಗಿಲ್ಲ ಬಿಡು" ಎಂದಳು.

ನನಗೆ ಶಾಸ್ತ್ರಗಳ ಮೇಲೆ ಹೇಳಿಕೊಳ್ಳುವಂಥ ನಂಬಿಕೆ ಇಲ್ಲ. ಆದರೆ ನನ್ನ ಡ್ಯೂಟಿಯನ್ನು ಇನ್ನೊಬ್ಬನಿಗೆ ಬರೆದುಕೊಟ್ಟು ಮನೆಯಲ್ಲಿ ಮಲಗಿದವನೂ ನಾನಲ್ಲ. ಹೇಳಿದೆ: "ಕಿವಿ ಕಟ್ಟಿಸ್ಕೊಂಡು ಬರ್ತೀನಿ. ಅಲ್ಲೀವರೆಗೆ ಕಾಯ್ತೀರಾ?"

ಲಲಿತಳ ಕಣ್ಣು ತುಂಬಿತು. "ಮೂರನೇ ವರ್ಷಕ್ಕೂ ಚುಚ್ಚಿಸ್ತಾರೆ ಕಣಣ್ಣ. ಕಾಯ್ತೀವಿ. ನಿನ್ನ ಬುಟ್ಟು ಮಾಡಲ್ಲ. ಅಪ್ಪನಾಣೆ."

ತಪಾಸಣೆಗಳು ಮುಗಿದು, ರೋಗ ಮತ್ತೆ ಬಂದಿಲ್ಲವೆಂದು ಗಟ್ಟಿಯಾದ ಮೇಲೆ ಮೈಸೂರಿಗೆ ಹೋದೆ. ಪ್ಲಾಸ್ಟಿಕ್ ಸರ್ಜರಿ ಮಾಡುವ ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು. ನೇರವಾಗಿ ಮಾತಾಡುವವರು.

"ನಿಮ್ಮ ವಯಸ್ಸಿನವರು ಕೆಲವರು ಕೃತಕ ಕಿವಿ ಅಂಟಿಸಿಕೊಳ್ತಾರೆ. ಕತ್ತರಿಸೋದು ಹೊಲಿಯೋದು ಏನೂ ಇರಲ್ಲ. ಸುಲಭ" ಎಂದರು.

"ಬೇಡ ಮೇಡಂ. ನಾಲ್ಕು ಜನರ ಮಧ್ಯೆ ಕಳಚಿ ಬಿದ್ದರೆ?"

ಅವರು ನಕ್ಕರು. ಆಮೇಲೆ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಎರಡು ಆಪರೇಷನ್. ಮೊದಲನೆಯದರಲ್ಲಿ ಎಡಗಿವಿಯ ಒಳಭಾಗದಿಂದ ಮೆದು ಎಲುಬಿನ ಚೂರು ತೆಗೆದು, ಅದಕ್ಕೆ ಬಲಗಿವಿಯ ಅಂಚಿನ ಆಕಾರ ಕೊಟ್ಟು, ಅದನ್ನು ತಲೆಯ ಚರ್ಮದ ಕೆಳಗಿಟ್ಟು ಹೊಲಿಯುವುದು. ಕೆಲವು ವಾರ ಕಿವಿ ತಲೆಗೆ ಅಂಟಿಕೊಂಡೇ ಇರಬೇಕು. ಅಲ್ಲಿಂದ ಅದಕ್ಕೆ ರಕ್ತ ಹರಿದು ಜೀವ ಹಿಡಿಯಬೇಕು. ಎರಡನೆಯದರಲ್ಲಿ ಆ ಚರ್ಮದ ಸಮೇತ ಕತ್ತರಿಸಿ ಎಬ್ಬಿಸಿ, ಹಿಂಬದಿಗೆ ತೊಡೆಯ ಚರ್ಮ ಹಾಕುವುದು. "ಹುಟ್ಟಿದಾಗಿನ ಕಿವಿ ಆಗಲ್ಲ. ದೂರದಿಂದ ನೋಡಿದರೆ ಕಿವಿ ಅನ್ನಿಸುತ್ತೆ. ಅಷ್ಟಕ್ಕೆ ಒಪ್ಪಿಗೆನಾ?" ಎಂದರು. ಒಪ್ಪಿಗೆ ಎಂದೆ.

ಮೊದಲ ಆಪರೇಷನ್ ಆದ ಮೇಲಿನ ದಿನಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಬಲಗಡೆ ಕಿವಿ ತಲೆಗೆ ಹೊಲಿದಿತ್ತು, ಎಡಗಿವಿಯ ಒಳಗೆ ಗಾಯ. ಎರಡು ಮಗ್ಗುಲಿಗೂ ಹೊರಳುವಂತಿಲ್ಲ. ಅಂಗಾತ ಮಲಗಿ ಫ್ಯಾನು ನೋಡುವುದೊಂದೇ ಕೆಲಸ. ಚರ್ಮ ಕಪ್ಪಾದರೆ ಎಲ್ಲ ವ್ಯರ್ಥ ಎಂದು ಹೇಳಿದ್ದರಿಂದ ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ನರ್ಸಿನ ಮುಖವನ್ನೇ ನೋಡುತ್ತಿದ್ದೆ. ಊರಿಗೆ ಹೋಗಿ ಬಂದು ಮಾಡುವುದು ಬೇಡವೆಂದು ಆಸ್ಪತ್ರೆಯ ಹತ್ತಿರವೇ ಒಂದು ರೂಮು ಮಾಡಿಕೊಂಡಿದ್ದೆವು. ಸರೋಜ ಗಂಜಿ ಮಾಡಿ, ಚಮಚದಲ್ಲಿ ಕುಡಿಸಿ, ಮಾತ್ರೆ ಕೊಟ್ಟು, ಗೋಡೆಗೊರಗಿ ಕೂತಲ್ಲೇ ನಿದ್ದೆ ಮಾಡುತ್ತಿದ್ದಳು.

ಲಲಿತ ದಿನವೂ ಫೋನು ಮಾಡುತ್ತಿದ್ದಳು. ಮಧ್ಯದಲ್ಲಿ ಒಂದೆರಡು ದಿನ ಮಾಡಲಿಲ್ಲ. ಕೇಳಿದಾಗ ಮನೆಗೆ ನೆಂಟರು ಬಂದಿದ್ದರು ಎಂದಳು. ಸರೋಜ ಫೋನು ತೆಗೆದುಕೊಂಡು ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದಳು. "ಏನಂತೆ?" ಎಂದೆ. "ಮಗು ಚೆನ್ನಾಗೈತಂತೆ" ಎಂದಳು.

ಚರ್ಮ ಕಪ್ಪಾಗಲಿಲ್ಲ. ಎರಡನೇ ಆಪರೇಷನ್ನೂ ಆಯಿತು. ತೊಡೆಯ ಗಾಯ ಕಿವಿಗಿಂತ ಹೆಚ್ಚು ಉರಿಯಿತು. ಕೊನೆಗೆ ಪಟ್ಟಿ ಬಿಚ್ಚಿ ಡಾಕ್ಟರಮ್ಮ ಕನ್ನಡಿ ಕೊಟ್ಟರು. ಅಂಚು ದಪ್ಪ, ಬಣ್ಣ ಬೇರೆ, ಆದರೆ ಕಿವಿ. ಕನ್ನಡಕ ಹಾಕಿಕೊಂಡೆ, ನಿಂತಿತು. ಸರೋಜ ಸುತ್ತ ಬಂದು ನೋಡಿ, "ಬಂತಲ್ಲ ಕಿವಿ. ಇನ್ನಾದ್ರೂ ನಾನು ಹೇಳಿದ್ದು ಒಳಗೆ ಹೋಗ್ತದಾ?" ಎಂದಳು. ಡಾಕ್ಟರಮ್ಮ, "ಅದಕ್ಕೆ ಆಪರೇಷನ್ ಇಲ್ಲ ಅಮ್ಮಾ" ಎಂದರು. ಮೂವರೂ ನಕ್ಕೆವು. ನಿಜಕ್ಕೂ ಸಂತೋಷಪಟ್ಟ ಕೊನೆಯ ದಿನ ಅದು ಎಂದು ಈಗ ಅನ್ನಿಸುತ್ತದೆ.

ಗಾಯಗಳು ಮಾಗಿದ ಮೇಲೆ ಆಲೂರಿನಲ್ಲಿ ದಿನ ಗೊತ್ತಾಯಿತು. ನಾನು ಹೊಸ ಪಂಚೆ ಉಟ್ಟು, ರಿಂಗಿನ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಹೋದೆ. ಲಲಿತ ಬಾಗಿಲಿಗೆ ಬಂದು ಕಿವಿ ಮುಟ್ಟಿ ಮುಟ್ಟಿ ನೋಡಿದಳು. ಕಾವ್ಯ ಕಾಲಿಗೆ ಬಿದ್ದು, ಎದ್ದವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಬೀಗಿತ್ತಿಯೂ ಬಾಳ್ಳುಪೇಟೆಯಿಂದ ಬಂದಿದ್ದರು. "ಚೆನ್ನಾಗಿ ಕೂತೈತೆ ಬುಡಿ ಅಣ್ಣಾವ್ರೆ. ಗೊತ್ತೇ ಆಗಲ್ಲ" ಎಂದರು. ಅವರ ಬಾಯಿಂದ ಆ ಮಾತು ಬಂದಿತೆಂದು ನನಗೆ ಹೆಮ್ಮೆಯೂ ಆಯಿತು.

ಜಮಖಾನ ಹಾಸಿದ್ದರು. ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ. ನಾನು ಚಕ್ಕಂಬಕ್ಕಳ ಹಾಕಿ ಕೂತೆ. ಧೃತಿಯನ್ನು ತೊಡೆಯ ಮೇಲೆ ಕೂರಿಸಿದರು. ಕೈಗೆ ಬೆಲ್ಲದ ಚೂರು ಕೊಟ್ಟರು. ಅಕ್ಕಸಾಲಿ ಆಚಾರ್ರು ರಿಂಗು ತೆಗೆದು ಅದರ ತುದಿಯನ್ನು ಕಲ್ಲಿಗೆ ಉಜ್ಜಿದರು. ಹಾಲೆಯ ಮೇಲೆ ಕುಂಕುಮದ ಬೊಟ್ಟಿಟ್ಟರು. "ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ ಮಾವನೋರೇ" ಎಂದರು. ಕಾವ್ಯಳ ಕಿವಿ ಚುಚ್ಚಿದಾಗ ಅವಳು ಒದ್ದು ಅತ್ತು ನನ್ನ ಶರ್ಟಿನ ಗುಂಡಿ ಕಿತ್ತಿದ್ದು ನೆನಪಿತ್ತು. ಎರಡು ಕೈಯಲ್ಲೂ ಭದ್ರವಾಗಿ ಹಿಡಿದೆ.

ಮಗು ಅಳಲಿಲ್ಲ.

ಬೆಲ್ಲ ಚೀಪುತ್ತಾ ಕೂತೇ ಇತ್ತು. ರಿಂಗು ಸಲೀಸಾಗಿ ಒಳಗೆ ಹೋಗಿ ಹಿಂದಿನಿಂದ ಬಂತು. ಒಂದು ತೊಟ್ಟು ರಕ್ತವಿಲ್ಲ. ಇನ್ನೊಂದು ಕಿವಿಗೆ ತಿರುಗಿಸುವಾಗ ನಾನು ಅದರ ಹಾಲೆಯ ಹಿಂಬದಿ ನೋಡಿದೆ. ಅಲ್ಲಿ ಕುಂಕುಮ ಇರಲಿಲ್ಲ. ಒಣಗಿ ಮಾಗಿದ ಒಂದು ಸಣ್ಣ ತೂತು ಇತ್ತು. ಹಸಿ ಗಾಯ ಹೇಗಿರುತ್ತದೆ, ಮಾಗಿದ್ದು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟು ಕಾಲ ಕನ್ನಡಿಯ ಮುಂದೆ ನೋಡಿದ್ದೇ ಅದನ್ನು.

"ನೋಡ್ರೇ, ಮಾವನ ತೊಡೆ ಅಂದ್ರೆ ಹಂಗೆ! ಕೂಸು ಕಮಕ್ ಕಿಮಕ್ ಅನ್ಲಿಲ್ಲ" ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ತಲೆ ಎತ್ತಿ ನೋಡಿದೆ. ಒಬ್ಬರೂ ಮಗುವನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಮುಖವನ್ನು ನೋಡುತ್ತಿದ್ದರು.

ನಾನು ಎರಡನೇ ಕಿವಿಗೂ ಹಿಡಿದು ಕೂತೆ. ಮಗುವಿಗೆ ಅಕ್ಷತೆ ಹಾಕಿದೆ. ಪಂಕ್ತಿಯಲ್ಲಿ ಕೂತು ಊಟ ಮಾಡಿದೆ, ಪಾಯಸ ಎರಡನೇ ಸಲ ಬಡಿಸಿದಾಗ ಬೇಡ ಎನ್ನಲಿಲ್ಲ. ಊಟ ಬಿಟ್ಟು ಎದ್ದರೆ ಮಗುವಿಗೆ ಒಳ್ಳೆಯದಲ್ಲ. ಕೈ ತೊಳೆದ ಮೇಲೆ ಹಿತ್ತಲಿಗೆ ಹೋದೆ. ಲಲಿತ ಕೊಳದಪ್ಪಲೆ ತೊಳೆಯುತ್ತಿದ್ದಳು.

"ಯಾವಾಗ ಚುಚ್ಚಿಸಿದ್ರಿ?" ಎಂದೆ.

"ಏನಣ್ಣ?"

"ಹೋಗಿದ್ದು ಕಿವಿ ಲಲಿತ. ಕಣ್ಣು ಹೋಗಿಲ್ಲ."

ಅವಳು ಕೈಯಲ್ಲಿದ್ದ ತೆಂಗಿನ ನಾರು ಕೆಳಗಿಟ್ಟಳು. "ನೀನು ಮೈಸೂರಲ್ಲಿ ಮಲಗಿದ್ದಾಗ. ಬೀಗಿತ್ತಿ ಹಠ ಹಿಡ್ದುಬುಟ್ರು. ಆ ಕಿವಿ ಕೂಡ್ತದೋ ಕೊಳೀತದೋ ಯಾರಿಗ್ಗೊತ್ತು, ಅದಕ್ಕೆ ನಮ್ಮ ಕೂಸು ಕಾಯ್ಬೇಕಾ ಅಂದ್ರು. ಬಾಳ್ಳುಪೇಟೆಲೇ ಮಾಡ್ಬುಟ್ರು."

"ಯಾರ ತೊಡೆ?"

"ಪ್ರಸನ್ನಂದು."

"ನೀನು ಹೋಗಿದ್ಯಾ?"

"ಹೋಗ್ದೆ ಇರಕ್ಕಾಯ್ತದಾ ಅಣ್ಣ? ನನ್ನ ಮೊಮ್ಮಗಳಲ್ವಾ?"

"ಇವತ್ತಿಂದು ಯಾರ ಯೋಚನೆ?"

"ನಂದೇ." ಅವಳು ಅಳಲು ಶುರುಮಾಡಿದಳು. "ಅಷ್ಟು ಅನುಭವಿಸಿ ಬಂದಿದ್ಯ. ಇಲ್ಲ ಅಂತ ಹೆಂಗೇಳ್ಲಿ ನಿಂಗೆ? ಬೆಳಿಗ್ಗೆ ಓಲೆ ಬಿಚ್ಚಿಟ್ಟು, ಆಚಾರ್ರಿಗೂ ಹೇಳಿ... ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಕಣಣ್ಣ."

"ಇಲ್ಲಿರೋರಿಗೆಲ್ಲ ಗೊತ್ತಿತ್ತಾ?"

"ಹೂಂ."

"ನಿಮ್ಮ ಅತ್ತಿಗೆಗೆ?"

ಲಲಿತ ಮತ್ತೆ ನಾರು ಕೈಗೆ ತೆಗೆದುಕೊಂಡು ಆಗಲೇ ತೊಳೆದಿದ್ದ ಪಾತ್ರೆಯನ್ನೇ ತಿಕ್ಕತೊಡಗಿದಳು.

ಬಸ್ಸಿನಲ್ಲಿ ಸರೋಜ ನನ್ನ ಪಕ್ಕದಲ್ಲಿ ಕೂತಿದ್ದಳು. ಸಕಲೇಶಪುರ ಹತ್ತಿರ ಬಂದಾಗ ಮಾತು ಅವಳೇ ಶುರು ಮಾಡಿದಳು.

"ಗೊತ್ತಾಯ್ತಾ?"

"ಆಯ್ತು."

"ಆವತ್ತೇ ಹೇಳಿದ್ರೆ ಏನ್ ಮಾಡ್ತಿದ್ರಿ?"

ನಾನು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡೆ.

"ನಾನೇ ಹೇಳ್ತೀನಿ. ಕಿವಿ ತಲೆಗೆ ಅಂಟಿಕೊಂಡಂಗೇ ಎದ್ದು ಊರಿಗೆ ಬಂದ್ಬುಡ್ತಿದ್ರಿ. ಎರಡನೇ ಆಪರೇಷನ್ನು ನಿಮ್ಮಪ್ಪ ಬಂದು ಹೇಳಿದ್ರೂ ಮಾಡಿಸ್ಕೊಳ್ತಿರ್ಲಿಲ್ಲ. ಹೌದೋ ಅಲ್ವೋ?"

ಹೌದು. ಅವಳು ಹೇಳಿದ್ದು ಸರಿ. ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ಅದನ್ನು ಒಪ್ಪಿಕೊಂಡರೂ ನನ್ನೊಳಗಿನ ಕಹಿ ಕಡಿಮೆಯಾಗಲಿಲ್ಲ, ಇಂದಿಗೂ ಆಗಿಲ್ಲ.

ಬೀಗಿತ್ತಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ನಾನು ಬೇಡವಾಗಿದ್ದೆ, ಬೇಡವೆಂದರು. ಅವರ ಜೊತೆ ಜಗಳವಾಡಬಹುದು, ಜಗಳ ಮುಗಿಸಲೂಬಹುದು. ನನಗೆ ಜೀರ್ಣವಾಗದಿರುವುದು ನನ್ನವರು ಮಾಡಿದ್ದು. ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವಳು, ಚಮಚದಲ್ಲಿ ಗಂಜಿ ಕುಡಿಸಿದವಳು, ಇಬ್ಬರೂ ಸೇರಿ ನನ್ನನ್ನು ಜಮಖಾನದ ಮೇಲೆ ಕೂರಿಸಿ ಮಗುವಿನ ಆಟ ಆಡಿಸಿದರು. ಆ ದಿನ ಆ ಮನೆಯಲ್ಲಿ ಏನೂ ತಿಳಿಯದೆ ಕೂತಿದ್ದವರು ಇಬ್ಬರೇ, ಧೃತಿ ಮತ್ತು ನಾನು. ಅವಳ ಕೈಗಾದರೂ ಬೆಲ್ಲ ಕೊಟ್ಟಿದ್ದರು.

ಸಂಬಂಧ ಬಿಟ್ಟಿಲ್ಲ. ಹಬ್ಬಕ್ಕೆ ಲಲಿತ ಬರುತ್ತಾಳೆ, ನಾವೂ ಹೋಗುತ್ತೇವೆ. ಧೃತಿ ನಾನು ಕೊಟ್ಟ ರಿಂಗನ್ನೇ ಹಾಕಿಕೊಂಡಿರುತ್ತಾಳೆ. ಕಾವ್ಯ ಒಂದು ಸಲ ಫೋನು ಮಾಡಿ, "ಮಾವ, ತಪ್ಪಾಯ್ತು" ಎಂದಳು. "ಆಯ್ತಮ್ಮ" ಎಂದೆ. ಕ್ಷಮಿಸಿದೆ ಎಂದು ಹೇಳಲಿಲ್ಲ. ಇನ್ನೊಬ್ಬರ ಮನಸ್ಸು ನೋಯದಿರಲಿ ಎಂದು ಇಲ್ಲದ್ದನ್ನು ಹೇಳುವ ಕೆಲಸ ನನ್ನಿಂದ ಆಗುವುದಿಲ್ಲ.

ಯಾರಾದರೂ ಸುಳ್ಳು ಹೇಳಿದರೆ ಆ ಒಂದು ಸುಳ್ಳಷ್ಟೇ ಸುಳ್ಳು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಕನ್ನಡಕ ಹಾಕಿಕೊಂಡು ಹೊರಟಾಗ ಸರೋಜ ಈಗಲೂ, "ಕಿವಿ ಚೆನ್ನಾಗಿ ಕಾಣ್ತದೆ ಕಣ್ರೀ" ಎನ್ನುತ್ತಾಳೆ. ಮೊದಲಾದರೆ ಅವಳು ಅಷ್ಟು ಹೇಳಿದರೆ ಸಾಕಿತ್ತು, ಬಾಗಿಲು ದಾಟಿ ಹೋಗುತ್ತಿದ್ದೆ. ಈಗ ಒಳಗೆ ತಿರುಗಿ ಹೋಗಿ ಕನ್ನಡಿ ನೋಡಿಕೊಂಡು ಬರುತ್ತೇನೆ.